ನಿಂತೇ ಇದ್ದ ರಾಣಿ

ಕುರ್ಚಿಯ ಮೇಲೆ ಕೂರುವುದು ಸುಲಭದ ಕೆಲಸ ಎಂದುಕೊಂಡವರು ಒಮ್ಮೆ ನಮ್ಮ ಕಡೆಯ ಮನೆಗಳಿಗೆ ಬಂದು ನೋಡಬೇಕು. ಹರಪನಹಳ್ಳಿ, ಕೊಟ್ಟೂರು, ಹಡಗಲಿ, ಯಾವ ಕಡೆಗೇ ಹೋಗಿ, ನೀವು ಹೊಸ್ತಿಲು ದಾಟುವ ಮೊದಲೇ ಒಳಗಿನಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಹೊರಗೆ ಬರುತ್ತದೆ. ಮನೆಯ ಯಜಮಾನ ಅದನ್ನು ಹೆಗಲ ಮೇಲಿನ ಟವೆಲ್ಲಿನಿಂದ ಒರೆಸುತ್ತಾನೆ. ಒರೆಸುವಂಥದ್ದು ಅದರ ಮೇಲೆ ಏನೂ ಇರುವುದಿಲ್ಲ. ಆದರೂ ಒರೆಸಬೇಕು. ನೀವು "ಇರ್ಲಿ ಬಿಡ್ರಿ, ಇಲ್ಲೇ ಕುಂದರ್ತೀನಿ" ಎಂದು ಕಟ್ಟೆಯ ಕಡೆ ವಾಲಬೇಕು. ಅವನು "ಏ, ಎಲ್ಲ್ಯರ ಉಂಟೇನ್ರಿ!" ಎಂದು ತೋಳು ಹಿಡಿದು ಎಳೆಯಬೇಕು. ಒಂದಿಷ್ಟು ಎಳೆದಾಟವಾಗಿ ನೀವು ಸೋತವರಂತೆ ಕುರ್ಚಿಯ ತುದಿಗೆ ಕೂತ ಮೇಲೆಯೇ ಚಹಾದ ಮಾತು. ಈ ಪುಟ್ಟ ನಾಟಕವನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಯಾರೂ ಮಾತು ಮರೆತದ್ದನ್ನೂ ನಾನು ಕಂಡಿಲ್ಲ.

ಸೊಸೆಯಂದಿರ ಪಾಡು ಮಾತ್ರ ಬೇರೆ. ಅತ್ತೆ ನೆಲದ ಮೇಲೆ ಕೂತಿದ್ದರೆ ಸೊಸೆ ಕುರ್ಚಿಯ ಮೇಲೆ ಕೂರುವಂತಿಲ್ಲ. ಅತ್ತೆ ಕುರ್ಚಿಯ ಮೇಲೆ ಕೂತಿದ್ದರಂತೂ ಕೂರುವಂತೆಯೇ ಇಲ್ಲ. ನಾನು ಹರಪನಹಳ್ಳಿಯ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವವಳು. ಅಲ್ಲಿ ನನಗೊಂದು ಕೈಯಿರುವ ಕುರ್ಚಿಯೇ ಇದೆ. ಆದರೆ ಕೊಟ್ಟೂರಿನ ಅತ್ತೆಮನೆಗೆ ಹೋದೆನೆಂದರೆ, ಅತ್ತೆಯವರು ಇರುವಷ್ಟು ಕಾಲವೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೇ ಮಾತಾಡಿದವಳು. ಅವರು ಗದರಿದವರಲ್ಲ, ಬಾಯಿಬಿಟ್ಟು ಏನೂ ಹೇಳಿದವರೂ ಅಲ್ಲ. ಯಾವ ಮನೆಯಲ್ಲಿದ್ದೇನೆ ಎಂಬುದು ನನ್ನ ತಲೆಗಿಂತ ಮೊದಲು ನನ್ನ ಕಾಲುಗಳಿಗೆ ತಿಳಿಯುತ್ತಿತ್ತು, ಅಷ್ಟೇ.

ಇದನ್ನೆಲ್ಲ ಬಲ್ಲ ನಾನೇ ಒಂದು ನಾಟಕ ಬರೆದು, ಅದರ ನಡುಮಧ್ಯೆ ಒಂದು ಸಿಂಹಾಸನವಿಟ್ಟು, ಅದರ ಮೇಲೆ ತೆಲಿಗಿ ಎಂಬ ಹಳ್ಳಿಯ ಒಬ್ಬ ಸೊಸೆಯನ್ನು ಕೂರಿಸಲು ಹೊರಟೆ. ಅದೂ ಅವಳ ಅತ್ತೆಯ ಕಣ್ಣೆದುರಿಗೆ. ನನ್ನ ಬುದ್ಧಿಗೆ ಏನೆನ್ನಬೇಕೋ ನೀವೇ ಹೇಳಿ.

ಆದದ್ದು ಹೀಗೆ. ತೆಲಿಗಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಪಾರ್ವತೆಮ್ಮ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದಳು. ಅವಳು ಅಲ್ಲಿಯ ಹೆಂಗಸರ ಸಂಘದ ಮುಂದಾಳು. ಕುರ್ಚಿಯ ನಾಟಕ ಮುಗಿದು ಕೂತ ಮೇಲೆ ನೇರವಾಗಿ ವಿಷಯಕ್ಕೆ ಬಂದಳು: "ಮೇಡಮ್ಮಾರ, ನಮ್ಮೂರಾಗ ವರ್ಷಾ ಗಂಡಸ್ರು ನಾಟಕ ಮಾಡ್ತಾರ. ಹೆಣ್ಣು ಪಾರ್ಟಿಗೆ ಬ್ಯಾರೆ ಊರಿಂದ ಕರಿಸ್ತಾರ. ನಾವು ಕೆಳಗ ಕುಂತು ಶೇಂಗಾ ತಿಂತೀವಿ. ಈ ಸಲ ನಾವು ಮಾಡ್ತೀವ್ರಿ, ಶೇಂಗಾ ಅವ್ರು ತಿನ್ಲಿ." ಇಷ್ಟು ಸ್ಪಷ್ಟವಾದ ರಂಗಭೂಮಿಯ ಧ್ಯೇಯವನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿರಲಿಲ್ಲ. ಕೂಡಲೇ ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ನನಗೊಂದು ಒಳಗಿನ ಚಪಲವೂ ಇತ್ತೆನ್ನಿ. ಚಿಕ್ಕವಳಿದ್ದಾಗ ಒಂದು ಬೇಸಿಗೆಯಲ್ಲಿ ನಾನು ರಂಗ ಶಿಬಿರಕ್ಕೆ ಹೋಗಿದ್ದೆ. ಅಲ್ಲಿಂದ ಬರುವಾಗ ಕೆಲವು ಮಂತ್ರಗಳನ್ನು ಕಟ್ಟಿಕೊಂಡು ಬಂದಿದ್ದೆ. ನಟರು ತಮ್ಮನ್ನು ತಾವು ಮರೆಯಬೇಕು. ಪಾತ್ರದಲ್ಲಿ ಕರಗಬೇಕು. ಪ್ರೇಕ್ಷಕರ ಕಡೆ ನೋಡಕೂಡದು, ಅಲ್ಲೊಂದು ಗೋಡೆ ಇದೆ ಎಂದು ತಿಳಿಯಬೇಕು. ನಿರ್ದೇಶಕರು ಹೇಳಿದ್ದೇ ಕೊನೆಯ ಮಾತು. ಈ ಕೊನೆಯ ಮಂತ್ರ ನನಗೆ ವಿಶೇಷವಾಗಿ ಹಿಡಿಸಿತ್ತು, ಏಕೆಂದರೆ ನಮ್ಮ ಮನೆಯಲ್ಲಿ ನನ್ನ ಮಾತು ಕೊನೆಯದಾದದ್ದು ಕಡಿಮೆ.

ನನ್ನ ಜೊತೆಗೆ ಇನ್ನೊಬ್ಬ ನಿರ್ದೇಶಕರೂ ಇದ್ದರು. ಕೊಟ್ಟೂರಿನ ಪೇಟಿ ಮಾಸ್ತರು. ಹಾರ್ಮೋನಿಯಂ ಪೆಟ್ಟಿಗೆಯನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ, ತಾವು ನಿಂತುಕೊಂಡು, ಕೂಡ್ಲಿಗಿಯಿಂದ ಹಡಗಲಿಯವರೆಗೆ ಊರೂರಿಗೆ ಹೋಗಿ ನಾಟಕ ಕಲಿಸಿದವರು. ಅವರ ಮಂತ್ರಗಳೇ ಬೇರೆ. ಮೈಕಿನ ಕೆಳಗೆ ಬಂದು ನಿಲ್ಲಬೇಕು, ಎದೆ ಮುಂದೆ ಮಾಡಬೇಕು, ಕೊನೆಯ ಸಾಲಿನವನಿಗೆ ಕೇಳುವಂತೆ ಒದರಬೇಕು, ಸತ್ತರೂ ಜನಕ್ಕೆ ಬೆನ್ನು ತೋರಿಸಬಾರದು. ನಾನು, ಬೆನ್ನೂ ಅಭಿನಯಿಸಬಲ್ಲದು ಎಂದು ಶಿಬಿರದಲ್ಲಿ ಕೇಳಿದ್ದನ್ನು ಒಪ್ಪಿಸಿದೆ. ಮಾಸ್ತರು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, "ಬೆನ್ನಿಗೆ ಬಾಯಿ ಐತೇನ್ರಿ ಮೇಡಮ್ಮಾರ?" ಎಂದರು. ಹೀಗೆ ನಮ್ಮಿಬ್ಬರ ಸ್ನೇಹ ಆರಂಭವಾಯಿತು.

ಆದರೆ ರಾಣಿ ಯಾರೆಂಬ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಕುರಿ ಸಾಕುವ ಮನೆಯ ಗಂಗವ್ವ ಬಾಯಿ ತೆರೆದ ಕೂಡಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಂಥ ಕಂಠ ಅಂತೀರಿ! ಅವಳ ತವರು ನೀಲಗುಂದ. ಹುಡುಗಿಯಾಗಿದ್ದಾಗ ನೋಡಿದ ನಾಟಕಗಳ ಮಾತೆಲ್ಲ ಅವಳಿಗೆ ಬಾಯಿಪಾಠ. ಮದುವೆಯಾಗಿ ಬಂದ ಮೇಲೆ ಅವನ್ನು ಹೊಲದಲ್ಲಿ ಕುರಿಗಳಿಗೆ ಹೇಳುತ್ತ ಬಂದಿದ್ದಾಳೆ. "ಕುರಿ ಎದ್ದು ಹೋಗಂಗಿಲ್ಲರಿ, ಅದೊಂದು ಚಲೋ. ಚಪ್ಪಾಳಿನೂ ಹೊಡಿಯಂಗಿಲ್ಲ. ಒಂದು ಸಲ ಮನಷ್ಯಾರ ಮುಂದ ಹೇಳಬೇಕು ಅಂತ ಭಾಳ ಆಸೆ ಐತ್ರಿ ನನಗ" ಎಂದಳು. ಹೇಳುವಾಗ ನಗುತ್ತಿದ್ದಳು, ಕಣ್ಣು ಮಾತ್ರ ನಗುತ್ತಿರಲಿಲ್ಲ.

ಅಡ್ಡಿ ಇದ್ದದ್ದು ಅತ್ತೆಯದು. ಹನುಮವ್ವ ಗಟ್ಟಿ ಹೆಂಗಸು. ಮಗ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋದರೆ ಮನೆ, ಹೊಲ, ಊರಿನ ಮಾತು ಎಲ್ಲವನ್ನೂ ನಿಭಾಯಿಸುವವಳು. ನಾನು, ಪಾರ್ವತೆಮ್ಮ ಇಬ್ಬರೂ ಹೋಗಿ ಕೇಳಿದೆವು. ಆಕೆ ಕಂಬಳಿಯ ಮೇಲೆ ಕೂತು ಶೇಂಗಾ ಸುಲಿಯುತ್ತಲೇ ತೀರ್ಪು ಕೊಟ್ಟಳು: "ನಮ್ಮ ಮನ್ಯಾಗ ಹೆಣ್ಮಕ್ಳು ಬಣ್ಣ ಹಚ್ಚಿಲ್ಲ. ಹಚ್ಚಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಮುಂದಽ ಕುಂತಿರ್ತೀನಿ. ನನ್ನ ಮನಸಿಗೆ ಸರಿ ಬರ್ಲಿಲ್ಲಂದ್ರ ಎದ್ದು ಬಂದು ಕೈ ಹಿಡ್ಕೊಂಡು ಮನಿಗೆ ಕರ್ಕೊಂಡು ಹೋಗಾಕಿ. ಆಮ್ಯಾಲೆ ನಾಟಕದ ಮಾತು ಈ ಮನ್ಯಾಗ ಎತ್ತಂಗಿಲ್ಲ." ಬಾಗಿಲ ಮರೆಯಲ್ಲಿ ನಿಂತಿದ್ದ ಗಂಗವ್ವ ತಲೆಯಾಡಿಸಿದಳು. ಅಲ್ಲಿಗೆ ಒಪ್ಪಂದವಾಯಿತು.

ತಾಲೀಮು ಸಂಘದ ಕೋಣೆಯಲ್ಲಿ, ಸಂಜೆ ರೊಟ್ಟಿ ಬಡಿಯುವುದಕ್ಕೆ ಮೊದಲು. ನಾನು ನನ್ನ ಮಂತ್ರಗಳನ್ನು ಒಂದೊಂದಾಗಿ ಬಿಚ್ಚಿದೆ. "ಗಂಗವ್ವ, ಈ ಬಾಗಿಲು ದಾಟಿದ ಮೇಲೆ ನೀನು ಗಂಗವ್ವ ಅಲ್ಲ, ರಾಣಿ. ನಿನ್ನನ್ನು ನೀನು ಪೂರ್ತಿ ಮರೀಬೇಕು" ಎಂದೆ. ಅವಳು ನಿಜವಾದ ಆತಂಕದಿಂದ, "ಪೂರ್ತಿ ಮರೆತ್ರ ಎಮ್ಮಿ ಹಾಲು ಯಾರು ಹಿಂಡ್ತಾರ್ರಿ?" ಎಂದಳು. ಇನ್ನೊಂದು ದಿನ, ದುಃಖದ ದೃಶ್ಯಕ್ಕೆ ನಿಮ್ಮ ಬಾಳಿನ ದುಃಖವೊಂದನ್ನು ನೆನೆದುಕೊಂಡು ಅಳಿ ಎಂದೆ. ಪಾರ್ವತೆಮ್ಮ ಕೈಯಾಡಿಸಿ, "ನನ್ನ ಸಂಕಟ ನನ್ನ ಮಟ್ಟಿಗೆ ಇರ್ಲಿ ಬಿಡ್ರಿ, ಮಂತ್ರಿಗೆ ಯಾಕ ಅದನ್ನ ಹಚ್ಚೂದು?" ಎಂದಳು. ಅವಳು ಮಂತ್ರಿಯ ಪಾತ್ರದಲ್ಲಿದ್ದಳು. ಉಳಿದವರು ನೆನೆದುಕೊಂಡು ಅಳಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅವತ್ತಿನ ತಾಲೀಮು ಅಲ್ಲಿಗೆ ಮುಗಿದು, ಎಲ್ಲರೂ ಮೂಗು ಒರೆಸಿಕೊಂಡು ಹಗುರಾಗಿ ಮನೆಗೆ ಹೋದರು. ನಾನೊಬ್ಬಳೇ ಭಾರವಾಗಿ ಬಸ್ಸು ಹತ್ತಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಆ ಕಾಣದ ಗೋಡೆ. ಪ್ರೇಕ್ಷಕರನ್ನು ನೋಡಬೇಡಿ, ಅವರು ಅಲ್ಲಿ ಇಲ್ಲವೇ ಇಲ್ಲ ಎಂದುಕೊಳ್ಳಿ ಎಂದರೆ ಅವರಿಗೆ ಅರ್ಥವೇ ಆಗದು. "ಊರ ಮಂದಿ ಬಂದು ಕುಂತಾಗ ನೋಡ್ದಂಗ ಇದ್ರ ಸೊಕ್ಕು ಬಂದೈತಿ ಅಂತಾರಲ್ರಿ" ಎಂದು ಗಂಗವ್ವ ಕೇಳಿದಳು. ನೋಡಿಯೂ ನೋಡದಂತಿರುವುದನ್ನು ನಮ್ಮಲ್ಲಿ ಅಭಿನಯ ಎನ್ನುವುದಿಲ್ಲ, ಜಗಳ ಎನ್ನುತ್ತಾರೆ.

ಮನೆಗೆ ಬಂದು ಈ ಗೋಳನ್ನು ಗಂಡನಿಗೆ ಹೇಳಿಕೊಂಡರೆ, ಅವರು ಪೇಪರಿನ ಹಿಂದಿನಿಂದ ಸರಿಯಾದ ಜಾಗಗಳಲ್ಲಿ "ಹೂಂ", "ಹೌದಾ", "ಛೇ" ಎನ್ನುತ್ತಿದ್ದರು. ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲ. ಯಾವ ಶಿಬಿರಕ್ಕೂ ಹೋಗದ ಮನುಷ್ಯನ ಈ ಸಹಜಾಭಿನಯ ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹಾಗೆ ನೋಡಿದರೆ ನಮ್ಮ ಸುತ್ತ ನಟರಿಗೇನು ಬರ? ಹಡಗಲಿಯ ಬಸ್ ಸ್ಟ್ಯಾಂಡಿನಲ್ಲಿ ಮಲ್ಲಿಗೆ ಮಾರುವಾಕೆ ಮೊಳ ಹಾಕುವಾಗ ನಿಮ್ಮ ಮೇಲಿನ ಪ್ರೀತಿಗೆ ಕೈ ತಾನಾಗಿ ಜಾರಿತೆಂಬಂತೆ ಒಂದಿಷ್ಟು ಹೂವು ಹೆಚ್ಚಿಗೆ ಬಿಡುತ್ತಾಳಲ್ಲ, ಆ ಕೈ ಪ್ರತಿಯೊಬ್ಬರಿಗೂ ಅಷ್ಟೇ ಜಾರುತ್ತದೆ. ಹಗರಿಬೊಮ್ಮನಹಳ್ಳಿಯ ಸೀರೆ ಅಂಗಡಿಯವನು ಕೊನೆಯ ಬೆಲೆ ಹೇಳುವಾಗ ಅವನ ಮುಖದಲ್ಲಿ ಕಾಣುವ ವೇದನೆಯನ್ನು ನಾನು ಯಾವ ರಂಗದ ಮೇಲೂ ಕಂಡಿಲ್ಲ. ಇವರು ಯಾರೂ ತಮ್ಮನ್ನು ತಾವು ಮರೆತಿರುವುದಿಲ್ಲ. ಎದುರಿಗೆ ನೀವಿದ್ದೀರಿ ಎಂಬುದನ್ನಂತೂ ಒಂದು ಗಳಿಗೆಯೂ ಮರೆಯುವುದಿಲ್ಲ.

ಇಷ್ಟೆಲ್ಲ ಆದರೂ ತಾಲೀಮಿನಲ್ಲಿ ಗಂಗವ್ವ ಸಿಂಹಾಸನದ ಮೇಲೆ ಚೆನ್ನಾಗಿಯೇ ಕೂರುತ್ತಿದ್ದಳು. ಅಲ್ಲಿ ಸಿಂಹಾಸನವೆಂದರೆ ಸಂಘದ ತುಕ್ಕು ಹಿಡಿದ ಕಬ್ಬಿಣದ ಕುರ್ಚಿ. ಅಲ್ಲಿ ಅತ್ತೆಯೂ ಇರುತ್ತಿರಲಿಲ್ಲ. ನಾಟಕದ ಮುಖ್ಯ ದೃಶ್ಯವೇ ಅದು: ಬಡ ಹೆಂಗಸೊಬ್ಬಳ ಹೊಲ ಕಸಿದ ಮಂತ್ರಿ ದರ್ಬಾರಿನಲ್ಲಿ ರಾಣಿಗೆ, ಸಿಂಹಾಸನ ಬಿಟ್ಟು ಇಳಿ ಎಂದು ಗದರಿಸುತ್ತಾನೆ. ರಾಣಿ, "ಈ ಹೆಣ್ಣಿಗೆ ನ್ಯಾಯ ಸಿಗುವವರೆಗೆ ಪ್ರಾಣ ಹೋದರೂ ನಾನು ಇಲ್ಲಿಂದ ಏಳುವುದಿಲ್ಲ" ಎನ್ನಬೇಕು. ಇಡೀ ನಾಟಕ ಆ ಕೂರುವಿಕೆಯ ಮೇಲೆ ನಿಂತಿತ್ತು.

ನಾಟಕದ ದಿನ ಬಂತು. ಶಾಲೆಯ ಬಯಲು, ಇಳಿಹೊತ್ತು, ಕುರಿಗಳು ಊರು ಹೊಕ್ಕ ಧೂಳು ಇನ್ನೂ ಗಾಳಿಯಲ್ಲಿ. ಕೊಟ್ಟೂರಿನಿಂದ ಬಾಡಿಗೆಗೆ ತಂದ ಪರದೆಯ ಮೇಲೆ ಅರಮನೆಯ ತೋಟ. ಸಿಂಹಾಸನವೂ ಅಲ್ಲಿಯದೇ, ಬಂಗಾರದ ಬಣ್ಣದ್ದು. ಕೈಗಳ ತುದಿಯ ಸಿಂಹಗಳು ಬೆಕ್ಕಿನಂತಿದ್ದವು, ಇರಲಿ. ಎಲ್ಲರಿಗಿಂತ ಮುಂದೆ, ಸರಿಯಾಗಿ ಸಿಂಹಾಸನದ ಎದುರಿಗೆ, ನೆಲಕ್ಕೆ ಕಂಬಳಿ ಹಾಸಿ ಹನುಮವ್ವ ಕೂತಿದ್ದಳು. ಯಾರೋ ಕುರ್ಚಿ ತಂದುಕೊಟ್ಟರೆ ಬೇಡವೆಂದಿದ್ದಳು. ಗಂಡಸರು ಹಿಂದೆ ಶೇಂಗಾ ತಿನ್ನುತ್ತಿದ್ದರು. ಪಾರ್ವತೆಮ್ಮ ಕೆನ್ನೆಯವರೆಗಿನ ಗಲ್ಲಿಮೀಸೆ ಹಚ್ಚಿಕೊಂಡು ಪರದೆಯ ಸಂದಿನಿಂದ ಅವರು ತಿನ್ನುವುದನ್ನು ನೋಡಿ ತೃಪ್ತಳಾದಳು.

ಮೊದಲ ದೃಶ್ಯಗಳು ಹೂವೆತ್ತಿದಂತೆ ಸಾಗಿದವು. ಆ ದೃಶ್ಯಗಳಲ್ಲಿ ರಾಣಿ ನಿಂತಿರುತ್ತಾಳೆ, ನಡೆಯುತ್ತಾಳೆ. ಆಮೇಲೆ ದರ್ಬಾರು. ಮಾಸ್ತರು ಪೇಟಿಯಲ್ಲಿ ರಾಜಗಾಂಭೀರ್ಯ ಬಾರಿಸಿದರು. ಗಂಗವ್ವ ಬಂದಳು, ಸಿಂಹಾಸನದ ಬಳಿ ಬಂದು ತಿರುಗಿದಳು. ಎದುರಿಗೆ, ಕೆಳಗೆ, ನೆಲದ ಮೇಲೆ ಅತ್ತೆ. ಅಷ್ಟೇ ನೋಡಿ. ಅವಳ ಕೈ ತಾನಾಗಿ ಮೇಲೆ ಹೋಗಿ ಸೆರಗೆಳೆದು ತಲೆಗೆ ಹೊದ್ದಿತು. ತಲೆಯ ಮೇಲೆ ಕಿರೀಟವಿತ್ತು. ಕಿರೀಟದ ಮೇಲೆಯೇ ಸೆರಗು ಬಂತು. ಕಿರೀಟ ಒಂದು ಕಿವಿಯ ಕಡೆ ವಾಲಿತು. ರಾಣಿ ಸಿಂಹಾಸನದ ಪಕ್ಕಕ್ಕೆ ಸರಿದು, ಅದರ ಬೆಕ್ಕಿನ ತಲೆಯ ಮೇಲೆ ಕೈಯಿಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಲ್ಲುವವಳಂತೆ ನಿಂತುಬಿಟ್ಟಳು.

"ಕೂತ್ಕೋ, ಗಂಗವ್ವ, ಕೂತ್ಕೋ" ಎಂದು ನಾನು ಪರದೆಯ ಪಕ್ಕದಿಂದ ಪಿಸುಗುಟ್ಟಿದೆ. ಮಾಸ್ತರು ಪೇಟಿಯನ್ನು ಇನ್ನೂ ಜೋರು ಮಾಡಿದರು, ಸದ್ದು ಜೋರಾದರೆ ರಾಣಿ ಹೆದರಿಯಾದರೂ ಕೂತಾಳೆಂದು. ಕೂರಲಿಲ್ಲ. ಇಬ್ಬರು ನಿರ್ದೇಶಕರ ಕೊನೆಯ ಮಾತುಗಳು ಅಲ್ಲಿಯೇ ಗಾಳಿಗೆ ಹೋದವು. ಪಾರ್ವತೆಮ್ಮನಿಗೋ ಬಾಯಿಪಾಠ ಮಾಡಿದ್ದು ಬಿಟ್ಟು ಬೇರೆ ಬಾರದು. ಅವಳು ಮೀಸೆ ತಿರುವಿ ಗುಡುಗಿದಳು: "ಮಹಾರಾಣಿ! ಸಿಂಹಾಸನ ಬಿಟ್ಟು ಏಳು!" ನಿಂತಿದ್ದ ರಾಣಿ ಸಣ್ಣ ದನಿಯಲ್ಲಿ ಹೇಳಿದಳು: "ಪ್ರಾಣ ಹೋದರೂ ನಾನು ಇಲ್ಲಿಂದ ಏಳುವುದಿಲ್ಲ."

ಬಯಲು ಹಿಂದಿನ ಸಾಲಿನಿಂದ ನಗಲು ಶುರುಮಾಡಿತು. ಶೇಂಗಾದ ಬಾಯಿಗಳ ನಗು. ಅಷ್ಟರಲ್ಲಿ ಹನುಮವ್ವ ಕಂಬಳಿಯಿಂದ ಎದ್ದಳು.

ಆ ಒಪ್ಪಂದ ಊರಿಗೆಲ್ಲ ಗೊತ್ತಿತ್ತಲ್ಲ, ನಗು ತಟ್ಟನೆ ನಿಂತಿತು. ಹನುಮವ್ವ ನಿಧಾನವಾಗಿ ನಡೆದು ರಂಗದ ಕಟ್ಟೆಯ ಅಂಚಿಗೆ ಬಂದಳು. ಗಂಗವ್ವ ಆಗಲೇ ಎರಡೂ ಕೈಗಳಿಂದ ಕಿರೀಟವನ್ನು ತೆಗೆಯತೊಡಗಿದ್ದಳು. ಇಷ್ಟು ವರ್ಷದ ಆಸೆ ಮುಗಿಯಿತೆಂದು ಅವಳ ಮುಖವೇ ಹೇಳುತ್ತಿತ್ತು. ನನಗೆ ಅಳು ಬಂತು, ಮರೆಮಾಚುವುದೇನು?

"ನಿಂತಾಕಿ ಏಳೂದಿಲ್ಲ ಅಂದ್ರ ಯಾರು ನಂಬ್ತಾರವಾ?" ಎಂದಳು ಹನುಮವ್ವ. ಮೇಲೆ ತೂಗುತ್ತಿದ್ದ ಮೈಕಿಗೆ ಅದೂ ಕೇಳಿಸಿ ಊರಿಗೆಲ್ಲ ಕೇಳಿಸಿತು. "ಕುಂದ್ರು."

"ಅತ್ತಿ, ನೀವು ಕೆಳಗದೀರಿ..."

"ಕೆಳಗ ಕುಂತ್ರಽ ನಿನ್ನ ಮಾರಿ ಚಲೋ ಕಾಣತೈತಿ. ನಾನಽ ಹೇಳಾಕ ಹತ್ತೀನಿ, ಕುಂದ್ರು ನನ್ನವ್ವ. ಆ ಟೋಪಿ ಸರಿ ಮಾಡ್ಕೊ."

ಗಂಗವ್ವ ಅಂಚಿಗೆ ಬಂದು ಬಗ್ಗಿ, ಕೈಗೆ ಸಿಕ್ಕಷ್ಟು ಅತ್ತೆಯ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೆರಗು ಇಳಿಸಿದಳು. ಕಿರೀಟ ನೇರ ಮಾಡಿಕೊಂಡಳು. ಹೋಗಿ ಕೂತಳು. ಕೂತಳು ಎಂದು ನಾನು ಒಂದೇ ಪದದಲ್ಲಿ ಬರೆಯುತ್ತಿದ್ದೇನೆ. ಅಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯಿತು. ಮೊದಲು ತುದಿಗೆ, ಆಮೇಲೆ ಇನ್ನಷ್ಟು ಹಿಂದಕ್ಕೆ, ಆಮೇಲೆ ಬೆನ್ನು ಒರಗಿಸಿ, ಕೊನೆಗೆ ಎರಡು ಕೈಗಳನ್ನೂ ಆ ಬೆಕ್ಕುಗಳ ಮೇಲಿಟ್ಟು. ಹನುಮವ್ವ ಅದಿಷ್ಟನ್ನೂ ನಿಂತು ನೋಡಿ, ಹಿಂದಿರುಗಿ ಕಂಬಳಿಯ ಮೇಲೆ ಕೂತಳು. ಪಾರ್ವತೆಮ್ಮ ಕೇಳದಿದ್ದರೂ ರಾಣಿ ತಾನೇ ಆ ಮಾತನ್ನು ಮತ್ತೆ ಹೇಳಿದಳು: "ಪ್ರಾಣ ಹೋದರೂ ನಾನು ಇಲ್ಲಿಂದ ಏಳುವುದಿಲ್ಲ." ಬಯಲಿನಲ್ಲಿ ಶೇಂಗಾ ಒಡೆಯುವ ಸದ್ದೂ ಇರಲಿಲ್ಲ. ನಾನು ಬರೆದ ಮಾತು ಅದೇ. ನಾನು ಬರೆದಾಗ ಅದು ಅಷ್ಟು ದೊಡ್ಡದಿರಲಿಲ್ಲ.

ಆಮೇಲೆ ಬಿದ್ದ ಚಪ್ಪಾಳೆಯ ಬಗ್ಗೆ ಹೇಳುವುದಿಲ್ಲ. ಹೇಳಿದರೆ ಜಂಬವಾಗುತ್ತದೆ, ಅದರಲ್ಲೂ ಅದು ನನ್ನದಲ್ಲದ ಜಂಬ. ಪೇಟಿ ಮಾಸ್ತರು ಪೆಟ್ಟಿಗೆ ಮುಚ್ಚುತ್ತ, "ಈ ನಾಟಕ ಯಾರು ಕಲ್ಸಿದ್ದು ಅಂತ ನೀವು ನಾನು ಜಗಳಾಡ್ತಿದ್ವಿ. ಮುಗೀತು ಬಿಡ್ರಿ ಮೇಡಮ್ಮಾರ" ಎಂದರು. ಇಬ್ಬರೂ ಮನಸಾರೆ ನಕ್ಕೆವು.

ಅಂದಿನಿಂದ ನನ್ನ ಮಂತ್ರಗಳನ್ನು ಒಂದೊಂದಾಗಿ ಬಿಸಿಲಿಗೆ ಹಾಕಿ ನೋಡುತ್ತಿದ್ದೇನೆ. ಗಂಗವ್ವ ತನ್ನನ್ನು ತಾನು ಮರೆತಿದ್ದರೆ ಸುಮ್ಮನೆ ಬಂದು ಕೂತುಬಿಡುತ್ತಿದ್ದಳು, ಸಂಘದ ಕಬ್ಬಿಣದ ಕುರ್ಚಿಯ ಮೇಲೆ ಕೂತಂತೆ. ಮರೆಯಲಿಲ್ಲ, ಅದಕ್ಕೇ ಆ ಕೂರುವಿಕೆಗೆ ಬೆಲೆ ಬಂತು. ಇನ್ನು ಕಾಣದ ಗೋಡೆ. ಅದು ಅಲ್ಲಿ ಇದ್ದಿದ್ದರೆ ಹನುಮವ್ವನ ಹಣೆ ಬಡಿಯುತ್ತಿತ್ತು, ನಾಟಕ ಉಳಿಯುತ್ತಿರಲಿಲ್ಲ. ನಮ್ಮ ಬಯಲಾಟಗಳಲ್ಲಿ ರಾಜನೇ ಬಂದು ಕುಣಿದರೂ, ಆಟ ನಡೆಸಿಕೊಡುವ ಸಾರಥಿ ಎದುರು ನಿಂತು "ತಾವು ಯಾರು?" ಎಂದು ಕೇಳುವವರೆಗೆ ಅವನು ಯಾರೂ ಅಲ್ಲ. ಕೇಳಿದ ಮೇಲೆಯೇ ಅವನು ರಾಜ. ಅದು ಕಾಲಹರಣದ ತಂತ್ರವೆಂದು ನಾನು ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಹಳೆಯ ಸಂಸ್ಕೃತ ನಾಟಕಗಳ ಸೂತ್ರಧಾರನೂ ಮೊದಲಿಗೆ ಬಂದು, ನಟಿಯೊಡನೆ ನಾಲ್ಕು ಮಾತಾಡಿ, ಹೊರಟುಹೋಗುತ್ತಾನೆ. ಆಮೇಲೆ ಅತ್ತ ಸುಳಿಯುವುದಿಲ್ಲ. ಅವನ ವಂಶದವರಾದ ನಾವು ನಿರ್ದೇಶಕರು ಬರುವುದನ್ನು ಕಲಿತೆವು, ಹೊರಡುವುದನ್ನು ಬಿಟ್ಟೆವು. ಪರದೆಯ ಪಕ್ಕ ನಿಂತು ಪಿಸುಗುಟ್ಟುವ ಚಾಳಿ ಹತ್ತಿತು.

ಮೊನ್ನೆ ತೆಲಿಗಿಗೆ ಹೋಗಿದ್ದೆ. ಹನುಮವ್ವ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿದಳು, ಸೆರಗಿನಿಂದ ಒರೆಸಿದಳು, ನಾನು ಬೇಡವೆಂದೆ, ಆಕೆ ಎಳೆದಳು, ಕೂತೆ. ಗಂಗವ್ವ ಎಂದಿನಂತೆ ಬಾಗಿಲಿಗೆ ಒರಗಿ ನಿಂತಿದ್ದಳು. ನನಗೆ ಸ್ವಲ್ಪ ಬೇಸರವಾಯಿತು. ತಡೆಯಲಾರದೆ, "ಅವತ್ತು ಕುಂದ್ರು ಅಂದ್ರಿ, ಇವತ್ತು ಯಾಕ ನಿಂದರ್ಸೀರಿ?" ಎಂದು ಕೇಳಿಬಿಟ್ಟೆ. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಆಕಿ ನಾಟಕದ ಮಾತು ಹೇಳುವಾಗ ಇಲ್ಲೂ ಕುಂದರ್ತಾಳ್ರಿ" ಎಂದಳು ಹನುಮವ್ವ, "ದಿನಾ ಉಂಡ ಮ್ಯಾಲೆ ನಾನಽ ಹೇಳಿಸ್ತೀನಿ. ಇದಽ ಕುರ್ಚಿ. ನೀವು ಎದ್ರ ಈಗೂ ಕುಂದರ್ತಾಳ."

ನಾನು ಎದ್ದೆ. ಈ ಸಲ ಯಾರೂ ನನ್ನ ತೋಳು ಹಿಡಿದು ಎಳೆಯಲಿಲ್ಲ. ಬಾಗಿಲಿಗೆ ಒರಗಿ ನಿಂತುಕೊಂಡೆ, ಆ ಜಾಗ ನನಗೆ ರೂಢಿಯದೇ. ಗಂಗವ್ವ ಕೂತು ದನಿ ಎತ್ತಿದಳು. ಹನುಮವ್ವ ಕಂಬಳಿಯ ಮೇಲೆ ಕೂತು ಕತ್ತೆತ್ತಿ ಸೊಸೆಯ ಮುಖವನ್ನೇ ನೋಡುತ್ತಿದ್ದಳು, ತುಟಿಗಳು ಮೆಲ್ಲಗೆ ಅವೇ ಮಾತುಗಳನ್ನು ಹೇಳುತ್ತಿದ್ದವು. ಹೊರಡುವಾಗ ಬಾಗಿಲವರೆಗೆ ಬಂದು ಆಕೆ ನನ್ನನ್ನು ಪಕ್ಕಕ್ಕೆ ಕರೆದಳು. "ಮೇಡಮ್ಮಾರ, ಆ ರಾಣಿಗೆ ಅತ್ತಿ ಇದ್ದಿಲ್ಲೇನ್ರಿ?"

ಈಗ ಹೊಸ ನಾಟಕ ಬರೆಯಲು ಕೂತಿದ್ದೇನೆ. ರಾಣಿಗೆ ಒಬ್ಬ ಅತ್ತೆ ಬಂದಿದ್ದಾಳೆ, ಪಾತ್ರ ದಿನೇದಿನೇ ಬೆಳೆಯುತ್ತಿದೆ. ದರ್ಬಾರಿನ ದೃಶ್ಯದಲ್ಲಿ ಅಭ್ಯಾಸಬಲದಿಂದ 'ರಾಣಿ ಕೂರುತ್ತಾಳೆ' ಎಂದು ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ. ಈ ಸಲ 'ಕುಂದ್ರು' ಎಂದು ಹೇಳುವವರು ರಂಗದ ಮೇಲೆಯೇ ಇರುತ್ತಾರೆ.